ಬಲಗಡೆಯಲ್ಲೇ ಅಗಿದ ಹನ್ನೊಂದು ವರ್ಷ

ಸಂಧ್ಯಾ ಊಟ ಮಾಡುವುದನ್ನು ಮೊದಲ ಸಲ ನೋಡಿದವರು ಒಂದು ಕ್ಷಣ ತಮ್ಮ ಊಟ ಮರೆಯುತ್ತಿದ್ದರು. ತುತ್ತು ಬಾಯಿಗೆ ಹೋಗುವುದು ಎಲ್ಲರ ಹಾಗೆಯೇ. ಆಮೇಲೆ ಅವಳು ಅದನ್ನು ನಾಲಿಗೆಯಿಂದ ಬಲಕ್ಕೆ ತಳ್ಳಿ, ಬಲಗಡೆಯ ಹಲ್ಲುಗಳಲ್ಲಿ ಮಾತ್ರ, ಪರೀಕ್ಷೆ ಬರೆಯುವವರ ಗಾಂಭೀರ್ಯದಿಂದ ಅಗಿಯುತ್ತಿದ್ದಳು. ಚಪಾತಿಯಾದರೆ ಸರಿ, ಉಪ್ಪಿಟ್ಟನ್ನೂ ಹಾಗೆಯೇ. ಉಪ್ಪಿಟ್ಟಿನಲ್ಲಿ ಅಗಿಯುವುದಕ್ಕೆ ಏನಿದೆ ಎಂದು ಯಾರಾದರೂ ಕೇಳಿದರೆ ಅಂಗೈಯನ್ನು ಗದ್ದಕ್ಕೆ ಅಡ್ಡ ಹಿಡಿದು ನಗುತ್ತಿದ್ದಳು.

ಹದಿನೇಳನೆಯ ವಯಸ್ಸಿನಿಂದ ಇಪ್ಪತ್ತೆಂಟರವರೆಗೆ ಅವಳು ಹೀಗೆ ತಿಂದಳು. ಯಾಕೆಂದರೆ ಅವಳ ಗದ್ದ ವರ್ಷದಿಂದ ವರ್ಷಕ್ಕೆ ಎಡಕ್ಕೆ ಸರಿಯುತ್ತಿತ್ತು. ಎಡಗಡೆಯಲ್ಲೇ ಅಗಿಯುವ ಕೆಟ್ಟ ಅಭ್ಯಾಸದಿಂದ ಹಾಗಾಗಿದೆ, ಬಲಗಡೆ ಅಗಿದರೆ ಸರಿಹೋಗುತ್ತದೆ ಎಂದು ಮನೆಯವರು ಹೇಳಿದ್ದರು. ಅವಳು ನಂಬಿದಳು. ಮನೆಯವರನ್ನು ನಂಬದೆ ಇನ್ಯಾರನ್ನು ನಂಬುವುದು, ನೀವೇ ಹೇಳಿ.

ಅಪ್ಪ ನಾರಾಯಣ ಉಡುಪಿ ಕಡೆಯವರು. ಮೀಸೆ ಚಿಗುರುವ ಮೊದಲೇ ಸೂರತ್‌ಗೆ ಬಂದು, ಅವರಿವರ ಹೋಟೆಲಿನಲ್ಲಿ ಹಿಟ್ಟು ರುಬ್ಬಿ, ಕೊನೆಗೆ ಅಲ್ಲಿನ ಅಡಾಜಣ್ ಬಡಾವಣೆಯಲ್ಲಿ ತಮ್ಮದೇ ಒಂದು ಇಡ್ಲಿ-ದೋಸೆಯ ಹೋಟೆಲು ಮಾಡಿದರು. ಅಮ್ಮ ಯಶೋದಾ ಬೆಳಗ್ಗೆ ಸಾಂಬಾರಿನ ರುಚಿ ನೋಡಿ ತಲೆಯಾಡಿಸಿದ ಮೇಲೆಯೇ ಅಲ್ಲಿ ಶಟರ್ ಪೂರ್ತಿ ಮೇಲೇಳುತ್ತಿತ್ತು. ಮಗ ಶರತ್ ಸಂಧ್ಯಾಳಿಗಿಂತ ಏಳು ವರ್ಷ ದೊಡ್ಡವನು. ಮನೆಯಲ್ಲಿ ಇಂಗ್ಲಿಷ್ ಕಾಗದ ಏನೇ ಬಂದರೂ ಓದಿ ಅರ್ಥ ಹೇಳುವ ಕೆಲಸ ಅವನದು. ಅಪ್ಪ ಅವನು ಹೇಳಿದಲ್ಲಿ ಕನ್ನಡದಲ್ಲಿ ಸಹಿ ಹಾಕುತ್ತಿದ್ದರು.

ಗುಜರಾತಿನಲ್ಲಿ ಹೋಟೆಲು ನಡೆಸುವ ನಮ್ಮವರ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಊರಿಂದ ಸಾವಿರ ಕಿಲೋಮೀಟರ್ ದೂರ ಬಂದರೂ ಇವರು ಒಂದೇ ಕೇರಿಯಲ್ಲಿ ಇದ್ದಂತೆ ಇರುತ್ತಾರೆ. ಸೂರತ್‌ನಲ್ಲಿ ಒಬ್ಬರ ಮನೆಯ ಹುಡುಗಿ ಸೀನಿದರೆ ಅಹಮದಾಬಾದಿನಿಂದ ಇನ್ನೊಬ್ಬರು ಫೋನ್ ಮಾಡಿ ಕಷಾಯ ಹೇಳುತ್ತಾರೆ. ಹೆಣ್ಣು ಕೊಡುವುದು, ತರುವುದು ಎಲ್ಲ ಈ ಹೋಟೆಲುಗಳ ನಡುವೆಯೇ. ಆದ್ದರಿಂದ ಮನೆಯಲ್ಲಿ ಯಾರಿಗಾದರೂ ಹೆಸರಿಡಬಹುದಾದ ಕಾಯಿಲೆ ಬಂತೋ, ಅದನ್ನು ಮುಚ್ಚಿಡುವುದನ್ನು ಇವರು ಅನ್ನದ ಗಂಜಿ ಬಸಿಯುವಷ್ಟು ಸಹಜವಾಗಿ ಮಾಡುತ್ತಾರೆ. ಅದು ಕೆಟ್ಟದ್ದು ಎಂದು ಅವರಿಗೆ ಹೊಳೆಯುವುದೂ ಇಲ್ಲ.

ಸಂಧ್ಯಾಳ ಹದಿನೇಳನೆಯ ವಯಸ್ಸಿನಲ್ಲಿ ಮೇಲಿನ ಹಲ್ಲು ಕೆಳಗಿನದರ ಮೇಲೆ ಸರಿಯಾಗಿ ಕೂರದೆ ಕಚಕಚ ಎನ್ನತೊಡಗಿತು. ಆಗ ಶರತ್ ಅವಳನ್ನು ರೈಲಿನಲ್ಲಿ ಅಹಮದಾಬಾದಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಕ್ಯಾಲ್ಸಿಯಂ ಪರೀಕ್ಷೆ ಎಂದಿದ್ದ. ಕೈಗೆ ಒಂದು ಇಂಜೆಕ್ಷನ್ ಕೊಟ್ಟು, ಮೂರು ಗಂಟೆ ನೀರು ಕುಡಿಯುತ್ತಾ ಕೂರಿಸಿ, ಆಮೇಲೆ ತಲೆಯ ಸುತ್ತ ನಿಧಾನವಾಗಿ ತಿರುಗುವ ಯಂತ್ರದ ಕೆಳಗೆ ಮಲಗಿಸಿದ್ದರು. ಅಣ್ಣ ಹೊರಗೆ ಐಸ್‌ಕ್ರೀಮ್ ಕೊಡಿಸಿದ. ವಾರದ ಮೇಲೆ ರಕ್ತದ ರಿಪೋರ್ಟು ತೋರಿಸಿ, ನೋಡು, ಕ್ಯಾಲ್ಸಿಯಂ, ಎಲುಬಿನ ಅಂಶ ಎಲ್ಲ ನಾರ್ಮಲ್, ನಿನ್ನದು ಬರೀ ಅಗಿಯುವ ಅಭ್ಯಾಸ ಎಂದ. ಕಾಗದದಲ್ಲಿ ನಿಜವಾಗಿಯೂ ಎಲ್ಲ ನಾರ್ಮಲ್ ಎಂದೇ ಇತ್ತು. ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ ಅವತ್ತು ರಾತ್ರಿಯ ಊಟದಿಂದಲೇ ಬಲಗಡೆ ಅಗಿಯತೊಡಗಿದಳು.

ಊರಿನ ಬಸ್ಸಿನ ಕಂಡಕ್ಟರು ಬಾಗಿಲು ಬಡಿದು ಕೂಗುತ್ತಿದ್ದ ದನಿಯಲ್ಲಿ ಶರತ್ ಊಟದ ಮೇಜಿನ ಆಚೆಯಿಂದ ‘ರೈಟ್, ರೈಟ್’ ಎನ್ನುತ್ತಿದ್ದ. ಅವಳು ನಗುನಗುತ್ತಾ ತುತ್ತನ್ನು ಬಲಕ್ಕೆ ತಳ್ಳುತ್ತಿದ್ದಳು. ಮರುವರ್ಷ ಅವನಿಗೆ ವಡೋದರಾದ ಹೋಟೆಲಿನವರ ಮಗಳ ಜೊತೆ ಮದುವೆಯಾಯಿತು. ಮಾವನ ಹೋಟೆಲಿನಲ್ಲೇ ಪಾಲುದಾರನಾಗಿ ಅಲ್ಲೇ ನೆಲೆಸಿದ. ಆಮೇಲೆ ಫೋನಿನಲ್ಲೂ ಅದೇ, ಮಾತು ಮುಗಿಸುವಾಗ ‘ರೈಟ್, ರೈಟ್’. ಪ್ರಪಂಚದಲ್ಲಿ ತನ್ನ ಮುಖದ ಬಗ್ಗೆ ತಮಾಷೆ ಮಾಡುವ ಹಕ್ಕನ್ನು ಅವಳು ಅಣ್ಣನೊಬ್ಬನಿಗೇ ಕೊಟ್ಟಿದ್ದಳು.

ಗದ್ದ ಮಾತ್ರ ಯಾರ ಮಾತೂ ಕೇಳಲಿಲ್ಲ. ಇಪ್ಪತ್ತೆರಡಾಗುವಷ್ಟರಲ್ಲಿ ಕೆಳತುಟಿಯೂ ಓರೆಯಾಯಿತು. ಅವಳು ಸೀರೆ ಪ್ರಿಂಟಿನ ಕಾರ್ಖಾನೆಯೊಂದರಲ್ಲಿ ಡಿಸೈನರ್ ಆಗಿ ಸೇರಿದ್ದಳು. ಅರ್ಧ ಹೂವು ಬಿಡಿಸುವುದು, ಉಳಿದರ್ಧವನ್ನು ಕಂಪ್ಯೂಟರಿನಲ್ಲಿ ಮಗುಚಿ ಜೋಡಿಸುವುದು ಅಲ್ಲಿನ ದಿನದ ಕೆಲಸ. ಊಟದ ಬಿಡುವಿನಲ್ಲಿ ಯಾರೂ ಇಲ್ಲದಾಗ ತನ್ನ ಫೋಟೊವನ್ನೂ ಅರ್ಧ ಕತ್ತರಿಸಿ ಮಗುಚಿ ನೋಡುತ್ತಿದ್ದಳು. ಎರಡು ಎಡಗಳನ್ನು ಜೋಡಿಸಿದರೆ ಒಬ್ಬಳು, ಎರಡು ಬಲಗಳನ್ನು ಜೋಡಿಸಿದರೆ ಇನ್ನೊಬ್ಬಳು, ಇಬ್ಬರೂ ಅವಳಲ್ಲ. ನೋಡಿ ಅಳಿಸಿಬಿಡುತ್ತಿದ್ದಳು.

ನಾಲ್ಕು ಕಡೆಯಿಂದ ಗಂಡಿನವರು ಬಂದರು. ಅಮ್ಮ ಬಲಗಡೆಯಿಂದ ತೆಗೆಸಿದ ಫೋಟೊ ಕಳಿಸಿದ್ದರಿಂದ ಬಂದವರೆಲ್ಲ ಬಾಗಿಲಲ್ಲೇ ಒಮ್ಮೆ ಫೋಟೊ ನೆನಪಿಸಿಕೊಂಡವರಂತೆ ನಿಲ್ಲುತ್ತಿದ್ದರು. ನಾಲ್ಕನೆಯವರು ಹೋದ ಮೇಲೆ ಯಶೋದಾ ತಿಂಡಿಯ ತಟ್ಟೆ ಎತ್ತುತ್ತಾ, ಸಣ್ಣವಳಿದ್ದಾಗಲೇ ಹೇಳಿದ್ದೆ, ಹೇಳಿದ ಮಾತು ಕೇಳುತ್ತಿದ್ದರೆ ಇವತ್ತು ಹೀಗಾಗುತ್ತಿರಲಿಲ್ಲ ಎಂದರು. ಸಂಧ್ಯಾ ಒಳಗೆ ಹೋಗಿ ಕನ್ನಡಿಯ ಮುಂದೆ ಕೂತು ತನ್ನನ್ನೇ ಬೈದುಕೊಂಡಳು. ನಿದ್ದೆಯಲ್ಲಿ ಎಡಕ್ಕೆ ತಿರುಗಿರಬೇಕು, ಆತುರದಲ್ಲಿ ತಿಂದಾಗ ಮರೆತಿರಬೇಕು, ಎಲ್ಲೋ ತಾನೇ ತಪ್ಪಿರಬೇಕು. ಅವತ್ತಿನಿಂದ ಬೆನ್ನಿಗೆ ದಿಂಬು ಒತ್ತಿಟ್ಟುಕೊಂಡು ಮಲಗತೊಡಗಿದಳು.

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಬಲಗಡೆಯ ಒಂದು ದವಡೆಹಲ್ಲು ಸೀಳಿತು. ಹನ್ನೊಂದು ವರ್ಷ ಇಬ್ಬರ ಕೆಲಸ ಒಬ್ಬನೇ ಮಾಡಿದರೆ ಹಲ್ಲಾದರೂ ಏನು ಮಾಡೀತು. ಅಡಾಜಣ್‌ನ ಹಲ್ಲಿನ ಡಾಕ್ಟರು ಹಲ್ಲನ್ನು ಬಿಟ್ಟು ಮುಖವನ್ನು ನೋಡಿದರು, ಅಹಮದಾಬಾದಿಗೆ ಚೀಟಿ ಬರೆದುಕೊಟ್ಟರು. ಅದೇ ಆಸ್ಪತ್ರೆ. ಈ ಸಲ ಅವಳು ಒಬ್ಬಳೇ ಹೋದಳು.

ಡಾಕ್ಟರ್ ಪೂರ್ವಿ ಎಂಬ ಸರ್ಜನ್, ಅವಳಿಗಿಂತ ಹತ್ತು ವರ್ಷ ದೊಡ್ಡವರಿರಬಹುದು, ಎರಡೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ಮುಚ್ಚಿಸಿದರು. ಕೆಳದವಡೆಯ ಎಲುಬಿಗೆ ಅಲ್ಲಿ ಎರಡೂ ಕಡೆ ಒಂದೊಂದು ಗುಂಡಗಿನ ತಲೆ ಇರುತ್ತದೆ, ಮನುಷ್ಯ ಬೆಳೆದು ನಿಂತಾಗ ಅವೂ ನಿಲ್ಲಬೇಕು, ನಿನ್ನ ಬಲಗಡೆಯದು ನಿಂತಿಲ್ಲ, ಆ ಕಡೆ ಉದ್ದವಾಗುತ್ತಾ ಗದ್ದವನ್ನು ಎಡಕ್ಕೆ ತಳ್ಳಿದೆ ಎಂದು ಗುಜರಾತಿಯಲ್ಲಿ ಸಲೀಸಾಗಿ ವಿವರಿಸಿದರು. ಸಂಧ್ಯಾ ನಾಚುತ್ತಾ, ಚಿಕ್ಕಂದಿನಲ್ಲಿ ಎಡಗಡೆ ಅಗಿಯುತ್ತಿದ್ದೆ, ಅದರಿಂದ ಎಂದಳು. ಡಾಕ್ಟರು ತಲೆಯೆತ್ತಿ ನೋಡಿದರು. ಅಗಿಯುವುದರಿಂದ ಇದು ಬರುವುದಿಲ್ಲ, ಅಗಿಯುವುದರಿಂದ ಹೋಗುವುದೂ ಇಲ್ಲ, ಯಾರು ಹೇಳಿದ್ದು ನಿನಗೆ ಎಂದು ಕೇಳಿದರು.

ಅವಳು ಉತ್ತರ ಹುಡುಕುತ್ತಿದ್ದಾಗಲೇ ಕಂಪ್ಯೂಟರಿನ ಮುಂದಿದ್ದ ಹುಡುಗಿ, ನಿಮ್ಮ ಹೆಸರಿನಲ್ಲಿ ಹಳೆಯ ಫೈಲು ಇದೆಯಲ್ಲ ಎಂದಳು. ಹೆಸರು ಅದೇ, ಹುಟ್ಟಿದ ತಾರೀಕು ಅದೇ, ಫೋನ್ ನಂಬರು ಶರತ್‌ನದು.

ಡಾಕ್ಟರು ಫೈಲನ್ನು ತರಿಸಿ ತಾವೊಮ್ಮೆ ಓದಿ, ಆಮೇಲೆ ಅವಳ ಕಡೆಗೆ ತಿರುಗಿಸಿದರು. ಮೊದಲ ಪುಟದಲ್ಲಿ ಆ ತಿರುಗುವ ಯಂತ್ರ ತೆಗೆದ ಚಿತ್ರವಿತ್ತು. ಇಂಜೆಕ್ಷನ್ನಿನ ಮದ್ದು ಎಲುಬು ಎಲ್ಲಿ ಬೆಳೆಯುತ್ತಿದೆಯೋ ಅಲ್ಲಿ ಹೋಗಿ ಕೂರುತ್ತದೆ. ಬೂದುಬಣ್ಣದ ತಲೆಬುರುಡೆಯಲ್ಲಿ ಬಲಗಿವಿಯ ಮುಂದೆ ಒಂದು ಕಪ್ಪು ಬೊಟ್ಟು. ನೂರರಲ್ಲಿ ಬಲಕ್ಕೆ ಅರವತ್ತೆರಡು, ಎಡಕ್ಕೆ ಮೂವತ್ತೆಂಟು ಎಂದು ಅಳತೆ ಬರೆದಿತ್ತು. ಎರಡೂ ಹೆಚ್ಚುಕಡಿಮೆ ಐವತ್ತರ ಹತ್ತಿರ ಇರಬೇಕಾಗಿತ್ತು. ಹಾಗಾದರೆ ರಕ್ತದ ರಿಪೋರ್ಟಿನಲ್ಲಿ ನಾರ್ಮಲ್ ಎಂದಿತ್ತಲ್ಲ ಎಂದು ಅವಳು ಕೇಳಿದಳು. ಬೆರಳ ತುದಿಯಷ್ಟು ಜಾಗದಲ್ಲಿ ಬೆಳೆಯುವುದು ಮೈಯಿಡೀ ಓಡುವ ರಕ್ತದಲ್ಲಿ ಕಾಣುವುದಿಲ್ಲ, ಅಂಥ ಗುರುತು ಸಿಗುತ್ತದೆಯೇ ಎಂದು ಸಂಶೋಧನೆ ಮಾಡುವವರು ಹುಡುಕುತ್ತಲೇ ಇದ್ದಾರೆ, ಸದ್ಯಕ್ಕೆ ನಮಗೆ ನೆಚ್ಚಬಹುದಾದ ಗುರುತು ಈ ಬೊಟ್ಟೇ ಎಂದರು ಡಾಕ್ಟರು.

ಎರಡನೆಯ ಪುಟದಲ್ಲಿ ಅಂದಿನ ಡಾಕ್ಟರ ಸಲಹೆ. ಬೆಳವಣಿಗೆ ಜೋರಾಗಿದೆ, ಈಗಲೇ ಎಲುಬಿನ ತುದಿಯನ್ನು ನಾಲ್ಕೈದು ಮಿಲಿಮೀಟರಿನಷ್ಟು ಕೊರೆದು ತೆಗೆದರೆ ನಿಲ್ಲುತ್ತದೆ, ತಡವಾದರೆ ಮುಖ ಓರೆಯಾಗುತ್ತಾ ಹೋಗುತ್ತದೆ, ಇದು ವಂಶದಲ್ಲಿ ಹರಿದು ಬರುವ ಕಾಯಿಲೆಯಲ್ಲ ಎಂದು ಮನೆಯವರಿಗೆ ತಿಳಿಸಿ ಹೇಳಲಾಗಿದೆ. ಅದರ ಕೆಳಗೆ ಹತ್ತು ದಿನ ಬಿಟ್ಟು ಬರೆದ ಒಂದು ಸಾಲು: ಮನೆಯಲ್ಲಿ ಮದುವೆ ಇರುವುದರಿಂದ ಈಗ ಆಪರೇಷನ್ ಬೇಡ, ಆಮೇಲೆ ಬರುತ್ತೇವೆ. ಕೆಳಗೆ ಅಪ್ಪನ ಕನ್ನಡ ಸಹಿ. ಸಾಲಿನ ಅಕ್ಷರ ಅಣ್ಣನದು. ಅವಳ ಶಾಲೆಯ ಪುಸ್ತಕಗಳಿಗೆಲ್ಲ ಹೆಸರು ಬರೆದುಕೊಟ್ಟ ಆ ದುಂಡು ಇಂಗ್ಲಿಷ್ ಅಕ್ಷರವನ್ನು ಅವಳು ಎಲ್ಲಿ ಕಂಡರೂ ಗುರುತಿಸುತ್ತಿದ್ದಳು.

ಅವಳಿಗೆ ಅಳು ಬರಲಿಲ್ಲ. ಎರಡೂ ಪುಟಗಳ ನಕಲು ಕೇಳಿ ತೆಗೆದುಕೊಂಡಳು.

ಡಾಕ್ಟರು ಹಳೆಯ ಫೋಟೊಗಳಿದ್ದರೆ ವರ್ಷದ ಪ್ರಕಾರ ಜೋಡಿಸಿ ತರಲು ಹೇಳಿದ್ದರು. ಹೋಟೆಲಿನ ಗೋಡೆಯಲ್ಲಿ ಅಂಥವು ಸಾಲಾಗಿ ಇದ್ದವು. ಪ್ರತಿ ಆಯುಧಪೂಜೆಗೆ ಗ್ರೈಂಡರಿಗೂ ದೋಸೆಕಲ್ಲಿಗೂ ಹೂವು ಮುಡಿಸಿ, ಮನೆಯವರು, ಕೆಲಸದವರು ಎಲ್ಲ ಸೇರಿ ತೆಗೆಸಿಕೊಂಡ ಫೋಟೊಗಳು. ಸಂಧ್ಯಾ ಅವನ್ನು ಮೊಬೈಲಿನಲ್ಲಿ ತೆಗೆದು, ಕಾರ್ಖಾನೆಯ ಕಂಪ್ಯೂಟರಿನಲ್ಲಿ ಹಾಕಿ, ಒಂದೊಂದು ಮುಖಕ್ಕೂ ನಡುಗೆರೆ ಎಳೆದಳು. ಹದಿನಾರನೆಯ ವಯಸ್ಸಿನವರೆಗೆ ಅವಳು ನಡುವೆ, ಅಪ್ಪನ ಮುಂದೆ, ಹಲ್ಲು ಬಿಟ್ಟುಕೊಂಡು ನಿಂತಿದ್ದಾಳೆ. ಹದಿನೇಳರದ್ದರಲ್ಲಿ ಕೊನೆಗೆ ಸರಿದಿದ್ದಾಳೆ, ಅಮ್ಮನ ಕೈ ಅವಳ ಭುಜ ಹಿಡಿದು ಒಂದು ಪಕ್ಕಕ್ಕೆ ತಿರುಗಿಸಿದೆ. ಮೈ ತಿರುಗಿದ್ದರೂ ಕ್ಯಾಮೆರಾದ ಕಡೆಗೇ ಇದ್ದ ಆ ಮುಖದಲ್ಲಿ ಗದ್ದ ನಡುಗೆರೆಯ ಮೇಲೇ ಇತ್ತು, ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಮುಖ ಓರೆಯಾಗುವ ಮೊದಲೇ ಅದನ್ನು ಅಡಗಿಸುವ ಅಭ್ಯಾಸ ಶುರುವಾಗಿತ್ತು. ಅಮ್ಮನಿಗೂ ಗೊತ್ತಿತ್ತು ಎಂಬುದು ಅವಳಿಗೆ ಹೀಗೆ ತಿಳಿಯಿತು.

ಮುಂದಿನ ವಾರ ಹೊಸ ಸ್ಕ್ಯಾನಿಗೆ ಹೋದಾಗ ಅಳತೆ ಐವತ್ತೊಂದು, ನಲವತ್ತೊಂಬತ್ತು ಎಂದು ಬಂತು. ಬೆಳವಣಿಗೆ ತಾನಾಗಿಯೇ ನಿಂತಿತ್ತು. ಒಳ್ಳೆಯ ಸುದ್ದಿಯೇ. ಆದರೆ ಆ ಸಣ್ಣ ಕೊರೆತದಿಂದ ಈಗ ಏನೂ ಪ್ರಯೋಜನವಿರಲಿಲ್ಲ. ವರ್ಷಕ್ಕೂ ಮೇಲೆ ಹಲ್ಲಿಗೆ ತಂತಿ, ಆಮೇಲೆ ಮೇಲ್ದವಡೆ ಕೆಳದವಡೆ ಎರಡನ್ನೂ ಕತ್ತರಿಸಿ, ಸರಿಸಿ, ಲೋಹದ ಪಟ್ಟಿ ಹಾಕಿ ಕೂರಿಸಬೇಕು. ಹದಿನೇಳರಲ್ಲಿ ಮಾಡಿದ್ದರೆ ಇಷ್ಟೆಲ್ಲ ಬೇಕಿತ್ತೇ ಎಂದು ಅವಳು ಕೇಳಿದಳು. ಬಹುಶಃ ಬೇಕಾಗುತ್ತಿರಲಿಲ್ಲ ಎಂದ ಡಾಕ್ಟರು, ಆ ‘ಬಹುಶಃ’ವನ್ನು ಎರಡು ಸಲ ಹೇಳಿದರು.

ಅವತ್ತು ಅವಳು ಸೂರತ್‌ಗೆ ಟಿಕೆಟ್ ಇದ್ದರೂ ವಡೋದರಾದಲ್ಲಿ ಇಳಿದಳು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗದ ಹೊತ್ತು. ಶರತ್ ಕೌಂಟರಿನಲ್ಲಿ ಒಬ್ಬನೇ ಕೂತು ಸೋಂಪಿನ ಡಬ್ಬಿ ತುಂಬಿಸುತ್ತಿದ್ದ. ಅವಳು ಫೈಲಿನ ನಕಲನ್ನು ಅವನ ಮುಂದಿಟ್ಟಳು. ಅವನು ಮೊದಲ ಪುಟ ತಿರುಗಿಸಲೂ ಇಲ್ಲ. ಒಳಗೇನಿದೆ ಎಂದು ಗೊತ್ತಿದ್ದವನಿಗೆ ತಿರುಗಿಸಬೇಕಾದ ಅಗತ್ಯವೇನು.

"ಆಗ ನನ್ನ ಮಾತುಕತೆ ನಡೀತಾ ಇತ್ತು, ಸಂಧ್ಯಾ. ಹುಡುಗನ ತಂಗಿಗೆ ಎಲುಬಿನ ಕಾಯಿಲೆ ಅಂತ ಈ ಮನೆಯವರಿಗೆ ಗೊತ್ತಾದ್ರೆ ಆಯ್ತು, ಅಲ್ಲಿಗೇ ನಿಲ್ತಿತ್ತು. ಮದುವೆ ಒಂದು ಮುಗೀಲಿ ಅಂತ ನಾನೇ ಅಪ್ಪನಿಗೆ ಹೇಳಿದ್ದು."

"ಮದುವೆ ಮುಗೀತಲ್ಲ ಅಣ್ಣ."

ಮುಗಿಯಿತು, ಆದರೆ ಹೊಸತರಲ್ಲಿ ಹೇಳಿದರೆ ಮುಚ್ಚಿಟ್ಟದ್ದು ಗೊತ್ತಾಗುತ್ತದೆ ಎಂದು ಬಿಟ್ಟ. ಆಮೇಲೆ ಮಗು ಅದಿತಿ ಹುಟ್ಟಿದಳು, ಇವಳಿಗೂ ಬರುತ್ತದೆಯೇ ಎಂದು ಮಾವನ ಮನೆಯವರು ಹೆದರುತ್ತಾರೆ ಎಂದು ಬಿಟ್ಟ. ಆಮೇಲೆ ಹೇಳುವ ಹೊತ್ತೇ ದಾಟಿಹೋಯಿತು. ಇಷ್ಟನ್ನು ಅವನು ಸೋಂಪಿನ ಕಾಳುಗಳನ್ನು ಒಂದೊಂದಾಗಿ ಕೌಂಟರಿನಿಂದ ಹೆಕ್ಕುತ್ತಾ ಹೇಳಿದ. ವಂಶದಲ್ಲಿ ಬರುವುದಿಲ್ಲ ಎಂದು ಬರೆದದ್ದನ್ನು ಓದಿರಲಿಲ್ಲವೇ ಎಂದು ಅವಳು ಕೇಳಿದಳು. ಓದಿದ್ದೆ, ಆದರೆ ನಮ್ಮವರಿಗೆ ಅದನ್ನೆಲ್ಲ ಯಾರು ವಿವರಿಸುವುದು ಎಂದ.

ಇಷ್ಟಕ್ಕೂ ಅವಳು ಹೇಗೋ ಅಣ್ಣನನ್ನು ಕ್ಷಮಿಸುತ್ತಿದ್ದಳೇನೋ. ಹೆದರಿಕೆ ಯಾರಿಗಿಲ್ಲ. ಅವಳ ಎದೆಗೆ ಚುಚ್ಚಿದ್ದು ಬೇರೆಯೇ ಇತ್ತು.

"ಬಲಗಡೆ ಅಗಿ ಅಂತ ಯಾಕೆ ಹೇಳಿದ್ದು?"

ಅವನು ತಲೆ ತಗ್ಗಿಸಿಯೇ ಇದ್ದ. "ನೀನು ದಿನಾ ಕೇಳ್ತಾ ಇದ್ದಿ, ಯಾಕೆ ಹೀಗಾಗ್ತಾ ಉಂಟು ಅಂತ. ಎಂತಾದ್ರೂ ಒಂದು ಹೇಳ್ಬೇಕಿತ್ತಲ್ಲ."

ಒಳಗಿನಿಂದ ಅತ್ತಿಗೆ ಬಂದು, ಅಯ್ಯೋ ಯಾವಾಗ ಬಂದಿ, ಕಾಫಿ ಕುಡಿ ಎಂದು ಉಪಚಾರ ಮಾಡಿದಳು. ಶರತ್ ಫೈಲನ್ನು ಮೆಲ್ಲಗೆ ಕೌಂಟರಿನ ಕೆಳಗೆ ಸರಿಸಿದ. ಸಂಧ್ಯಾ ಕಾಫಿ ಕುಡಿಯದೆ ಹೊರಟಳು. ಸೂರತ್‌ನಲ್ಲಿ ಅಪ್ಪ, ಶರತ್ ಓದಿ ಹೇಳಿದ್ದಕ್ಕೆ ತಾನು ಸಹಿ ಹಾಕಿದ್ದು, ತನಗೇನು ಇಂಗ್ಲಿಷ್ ಬರುತ್ತದೆಯೇ ಎಂದು ಕೈತೊಳೆದುಕೊಂಡರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತಾನಾಗಿ ನಿಲ್ಲುತ್ತದೆ ಅಂದುಕೊಂಡಿದ್ದೆವು ಎಂದರು. ನಾಲ್ಕನೆಯ ಗಂಡಿನವರು ಹೋದ ದಿನ ಆಡಿದ ಮಾತನ್ನು ಸಂಧ್ಯಾ ನೆನಪಿಸಿದಳು. ಅಮ್ಮನಿಗೆ ಅದು ನೆನಪೇ ಇರಲಿಲ್ಲ. ಅವಳು ಆ ವಾರವೇ ಗೆಳತಿಯ ಜೊತೆ ಬಾಡಿಗೆ ಕೋಣೆ ಹಿಡಿದಳು, ಆಪರೇಷನ್ನಿಗೆಂದು ತನ್ನ ಸಂಬಳದಲ್ಲೇ ಉಳಿಸತೊಡಗಿದಳು.

ಒಂದೂವರೆ ವರ್ಷದ ಮೇಲೆ ಆಪರೇಷನ್ನಿಗೆ ದಿನ ಗೊತ್ತಾಯಿತು. ಜೊತೆಗೆ ಮನೆಯವರೊಬ್ಬರು ಇರಲೇಬೇಕು ಎಂದು ಆಸ್ಪತ್ರೆಯವರು ಹೇಳಿದ್ದರಿಂದ ಅಮ್ಮ ಬಂದರು, ಕರೆಯದಿದ್ದರೂ ಶರತ್ ಬಂದ. ಹಿಂದಿನ ದಿನ ಮಂಚದ ಪಕ್ಕ ಕೂತು, ಮಾವನ ಮನೆಯಲ್ಲಿ ನೀನು ಸ್ಕೂಟರಿನಿಂದ ಬಿದ್ದು ದವಡೆ ಮುರಿದಿದೆ ಎಂದು ಹೇಳಿದ್ದೇನೆ, ಯಾರಾದರೂ ಕೇಳಿದರೆ ನೀನೂ ಹಾಗೇ ಅನ್ನು, ಹೇಗೂ ಎಲ್ಲ ಸರಿಹೋಗುತ್ತದಲ್ಲ ಎಂದ. ಸಂಧ್ಯಾ ಗೋಡೆಯ ಕಡೆ ತಿರುಗಿ ಮಲಗಿದಳು. ಅವನು ಅದನ್ನು ಒಪ್ಪಿಗೆ ಎಂದುಕೊಂಡ.

ಆಪರೇಷನ್ ಆರು ಗಂಟೆ ಹಿಡಿಯಿತು. ಮುಖ ಹಲಸಿನ ಹಣ್ಣಿನಷ್ಟು ಊದಿಕೊಂಡಿತ್ತು. ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಸಣ್ಣ ರಬ್ಬರುಗಳಿಂದ ಬಿಗಿದಿದ್ದರು, ಬಾಯಿ ತೆರೆಯುವಂತಿರಲಿಲ್ಲ. ಬೇಕಾದದ್ದನ್ನು ಬರೆದು ತೋರಿಸಲು ನರ್ಸ್ ಒಂದು ಪುಸ್ತಕ, ಪೆನ್ನು ಕೊಟ್ಟಿದ್ದಳು.

ನಾಲ್ಕನೆಯ ದಿನ ಶರತ್‌ನ ಅತ್ತೆ ಗಿರಿಜಾ ವಡೋದರಾದಿಂದ ನೋಡಲು ಬಂದರು. ಅಮ್ಮ ಹಣ್ಣಿನ ರಸ ಸೋಸಿ ತರಲು ಕೆಳಗೆ ಹೋಗಿದ್ದರು. ಗಿರಿಜಾ ಮಂಚದ ಅಂಚಿನಲ್ಲಿ ಕೂತು ಸಂಧ್ಯಾಳ ಕೈ ಹಿಡಿದುಕೊಂಡರು. ಕಾಲಬಳಿ ನಿಂತಿದ್ದ ಶರತ್ ಸ್ಕೂಟರಿನ ಕಥೆಯನ್ನು ಸುಲಲಿತವಾಗಿ ಹೇಳಿದ. ಯಾವ ಸೇತುವೆ, ಎಷ್ಟು ಹೊತ್ತಿಗೆ, ಹಿಂದಿನಿಂದ ಬಂದ ರಿಕ್ಷಾದವ ಹೇಗೆ ನಿಲ್ಲಿಸದೆ ಹೋದ, ಎಲ್ಲವೂ ಇತ್ತು. ಗಿರಿಜಾ ಲೊಚಗುಟ್ಟುತ್ತಾ, ಇನ್ನಾದರೂ ಗಾಡಿಯನ್ನು ನಿಧಾನ ಓಡಿಸು ಎಂದು ಬುದ್ಧಿ ಹೇಳಿದರು. ಮತ್ತೆ ತಪ್ಪು ಅವಳದೇ ಆಯಿತು. ಸಂಧ್ಯಾಳ ಮೈ ಉರಿದುಹೋಯಿತು. ಕೈ ಬಿಡಿಸಿಕೊಂಡು ಪುಸ್ತಕ ಎಳೆದುಕೊಂಡಳು.

ಬಿದ್ದದ್ದಲ್ಲ. ಎಲುಬು ಬೆಳೆದದ್ದು. ಹದಿನೇಳಕ್ಕೇ ನಿಲ್ಲಿಸಬಹುದಿತ್ತು. ಅಣ್ಣನಿಗೆ ಗೊತ್ತಿತ್ತು, ತನ್ನ ಮದುವೆಗಾಗಿ ಮುಚ್ಚಿಟ್ಟ. ಇಷ್ಟನ್ನು ಒಂದೇ ಉಸಿರಿಗೆ ಬರೆದು ಗಿರಿಜಾರ ಕೈಗಿಟ್ಟಳು.

ಗಿರಿಜಾ ಹಾಳೆಯನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಸೂರತ್‌ನಲ್ಲಿ ಹುಟ್ಟಿ ಬೆಳೆದು ಗುಜರಾತಿ ಶಾಲೆಯಲ್ಲಿ ಕಲಿತವಳ ಕೈಗೆ ಅವಸರದಲ್ಲಿ ಬರುವುದು ಗುಜರಾತಿ ಅಕ್ಷರವೇ. ಗಿರಿಜಾ ಮೂವತ್ತೈದು ವರ್ಷದಿಂದ ವಡೋದರಾದಲ್ಲಿದ್ದರೂ, ತರಕಾರಿಯವಳ ಜೊತೆ ಗುಜರಾತಿಯಲ್ಲಿ ಜಗಳವಾಡಬಲ್ಲವರಾದರೂ, ಓದಲು ಬರುತ್ತಿದ್ದುದು ಊರಿನ ಶಾಲೆಯಲ್ಲಿ ಕಲಿತ ಕನ್ನಡವೊಂದೇ. ಅವರು ಹಾಳೆಯನ್ನು ಅಳಿಯನ ಕಡೆಗೆ ಚಾಚಿದರು.

"ಎಂತ ಬರ್ದಿದ್ದಾಳೆ? ಸ್ವಲ್ಪ ಓದಿ ಹೇಳಿ ಶರತ್."

ಶರತ್ ಓದಿದ. ಅವನ ಕಣ್ಣು ಒಂದೊಂದೇ ಸಾಲು ಇಳಿಯುವುದನ್ನು ಸಂಧ್ಯಾ ನೋಡಿದಳು. ಕೊನೆಯ ಸಾಲು ಮುಗಿದ ಮೇಲೆ ಅವನು ತಂಗಿಯ ಮುಖ ನೋಡಲಿಲ್ಲ.

"ನೋವು ಈಗ ಕಮ್ಮಿ ಉಂಟಂತೆ. ನೀವು ಅಷ್ಟು ದೂರದಿಂದ ಬಂದದ್ದು ಖುಷಿ ಆಯ್ತಂತೆ."

ಗಿರಿಜಾರಿಗೆ ಸಂತೋಷವಾಯಿತು. ಸಂಧ್ಯಾಳ ಹಣೆ ಸವರಿದರು. ಬಿಗಿದ ಹಲ್ಲುಗಳ ಹಿಂದೆ ಅವಳ ಗಂಟಲಿನಿಂದ ಹೊರಟದ್ದು ಒಂದು ಗೊರಗೊರ ಸದ್ದು ಮಾತ್ರ. ನೋವಾಗುತ್ತಿದೆಯೇ ಮಗಾ, ಮಾತಾಡಬೇಡ ಎಂದರು ಗಿರಿಜಾ.

ಅವಳು ಪುಸ್ತಕವನ್ನು ಕಸಿದುಕೊಂಡು ಹೊಸ ಹಾಳೆ ತಿರುವಿದಳು. ಬೇಸಿಗೆ ರಜೆಯಲ್ಲಿ ಅಮ್ಮ ಸ್ಲೇಟಿನ ಮೇಲೆ ತಿದ್ದಿಸಿದ್ದ ಕನ್ನಡ ಅಕ್ಷರಗಳನ್ನು ಅವಳು ಬರೆದು ಇಪ್ಪತ್ತು ವರ್ಷವಾಗಿತ್ತು. ಬರೆಯುವುದಕ್ಕಿಂತ ಹೂವು ಬಿಡಿಸಿದಂತೆ, ಒಂದೊಂದು ಸುತ್ತನ್ನೂ ನೆನಪಿಸಿಕೊಂಡು, ಅರ್ಧ ಹಾಳೆಯಷ್ಟು ದೊಡ್ಡದಾಗಿ ಒಂದೇ ಪದ ಬರೆದಳು. ಗಿರಿಜಾ ಬಗ್ಗಿ ಅದನ್ನು ತಾವೇ ಓದಿದರು.

ಸುಳ್ಳು.

ಅವರು ಮೊದಲಿನ ಹಾಳೆಯನ್ನು ಹುಡುಕಿ ತೆಗೆದು, ಪುಸ್ತಕವನ್ನು ಅಳಿಯನ ಕೈಗೆ ಮತ್ತೆ ಕೊಟ್ಟರು.

"ಇದರಲ್ಲಿ ಇದ್ದದ್ದನ್ನು ಓದಿ," ಎಂದರು.